ಚನ್ನಗಿರಿಗೆ ಬಂದ ಮಾದರಿ ರೈಲು

ಮೊದಲೇ ಹೇಳಿಬಿಡುತ್ತೇನೆ, ಆ ಭಾನುವಾರ ನಡೆದದ್ದಕ್ಕೆ ನಾನು ಹೊಣೆಯಲ್ಲ. ತಪ್ಪೇನಾದರೂ ಇದ್ದರೆ ಅದು 'ಮಾದರಿ' ಎಂಬ ಪದದ್ದು. ಆ ಪದವನ್ನು ಕಾಗದದ ಮೇಲೆ ಇಳಿಸಿದವನು ನಾನೇ, ನಿಜ. ಆದರೆ ನಾನು ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ರಂಗನಾಥ ಮೇಷ್ಟ್ರು. ಅರ್ಜಿ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ ಕನ್ನಡದಲ್ಲಿ ಬರೆಯುತ್ತೇನೆ. ಅದೂ ಒಂದು ಅಪರಾಧವೇ?

ಅರ್ಜಿ ಬರೆಸಿಕೊಂಡವನು ನನ್ನ ತಂಗಿ ಶಾಂತಾದೇವಿಯ ಗಂಡ ಷಣ್ಮುಖಪ್ಪ. ಚನ್ನಗಿರಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್. ಗೂಡಿನಂಥ ಕೋಣೆಯಲ್ಲಿ ಕೂತು, ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿ, ಬಸವಾಪಟ್ಟಣದ ಬಸ್ಸನ್ನೂ ತ್ಯಾವಣಿಗೆ ಬಸ್ಸನ್ನೂ ಕರೆದು ಕಳಿಸುವುದು ಅವನ ಕೆಲಸ. ಸಂಬಳ ಬರುವುದು ಬಸ್ಸಿನಿಂದ, ಜೀವ ಇರುವುದು ರೈಲಿನ ಮೇಲೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು.

ಈ ಹುಚ್ಚು ಹತ್ತಿದ್ದು ಐದಾರು ವರ್ಷದ ಹಿಂದೆ, ಫೋನಿನಲ್ಲಿ ಯಾರದೋ ವಿಡಿಯೋ ನೋಡಿ. ಹಲಗೆಯ ಮೇಲೆ ಪುಟಾಣಿ ಹಳಿ ಹಾಸಿ, ಪುಟಾಣಿ ಊರು ಕಟ್ಟಿ, ಅದರ ನಡುವೆ ಕರೆಂಟಿನ ಪುಟಾಣಿ ರೈಲು ಓಡಿಸುವ ಹವ್ಯಾಸ. ಆಟಿಕೆ ಎಂದೀರಿ, ಜೋಕೆ! ಅಳತೆಯಲ್ಲಿ ಇವರು ಅಕ್ಕಸಾಲಿಗರಿಗಿಂತ ಕಟ್ಟುನಿಟ್ಟು. ನಿಜವಾದ ರೈಲಿನ ಉದ್ದವನ್ನು ಎಂಬತ್ತೇಳು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಇವರ ರೈಲು. ಹಲಗೆಯ ಮೇಲಿನ ಒಂದು ಇಂಚು ಅಂದರೆ ನೆಲದ ಮೇಲಿನ ಏಳು ಅಡಿ ಮೂರು ಇಂಚು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಾವಣಗೆರೆಗೆ ರೈಲು ಬರುತ್ತದೆ, ಹರಿಹರಕ್ಕೂ ಬರುತ್ತದೆ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪೇಟೆಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಈ ಸಂಕಟವೇ ನಾಲ್ಕು ಊರಿನ ನಾಲ್ವರನ್ನು ಒಂದು ವಾಟ್ಸಾಪ್ ಗುಂಪಿನಲ್ಲಿ ಸೇರಿಸಿತ್ತು. ಗುಂಪಿನ ಹೆಸರು 'ಹಳಿ ಇಲ್ಲದ ಊರಿನವರು'. ಯಾರೂ ಕೊಡದ ಸ್ಟೇಷನ್ನನ್ನು ತಮಗೆ ತಾವೇ ಕೊಟ್ಟುಕೊಳ್ಳುವುದೆಂದು ನಿಶ್ಚಯಿಸಿ, ಒಬ್ಬೊಬ್ಬರೂ ನಾಲ್ಕು ಅಡಿಯ ಹಲಗೆಯ ಮೇಲೆ ತಮ್ಮ ಊರನ್ನೂ ಅದಕ್ಕೊಂದು ಸ್ಟೇಷನ್ನನ್ನೂ ಕಟ್ಟುತ್ತಿದ್ದರು. ಹೊನ್ನಾಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮುತ್ತುರಾಜ್ ಸೈಕಲ್ ಕಡ್ಡಿಗಳಿಂದ ತುಂಗಭದ್ರೆಗೆ ಸೇತುವೆ ಹಾಕಿದ್ದ. ನ್ಯಾಮತಿಯ ಕಾಲೇಜಿನಲ್ಲಿ ಪಾಠ ಮಾಡುವ ಕಾವ್ಯಶ್ರೀ ಗಣೇಶನ ಹಬ್ಬದ ಸೀರಿಯಲ್ ಸೆಟ್ಟು ಬಿಚ್ಚಿ ಕೆಂಪು, ಹಸಿರು ಸಿಗ್ನಲ್ ಮಾಡಿದ್ದಳು. ಜಗಳೂರಿನ ನಿವೃತ್ತ ಪೋಸ್ಟ್‌ಮನ್ ಸಣ್ಣಪ್ಪ ತಮ್ಮ ಕಾಡಿನ ಕೊಂಡುಕುರಿ ಎಂಬ ಜಿಂಕೆಯಂಥ ಪ್ರಾಣಿಯ ಗೊಂಬೆಯನ್ನು ಹಳಿಯ ಪಕ್ಕ ನಿಲ್ಲಿಸಿ, ಅದಕ್ಕೆ ಸರಿಯಾಗಿ ನಾಲ್ಕು ಕೊಂಬು ಕೂರಿಸಲು ಮೂರು ತಿಂಗಳು ತೆಗೆದುಕೊಂಡಿದ್ದರು. ನಾಲ್ಕೂ ಹಲಗೆಗಳನ್ನು ಒಂದು ಭಾನುವಾರ ಚನ್ನಗಿರಿಯಲ್ಲಿ ಜೋಡಿಸಿ, ಜಗಳೂರಿನಿಂದ ನ್ಯಾಮತಿಯವರೆಗೆ ರೈಲು ಬಿಡುವುದೆಂದು ತೀರ್ಮಾನವಾಗಿತ್ತು.

ಷಣ್ಮುಖಪ್ಪನ ಹಲಗೆಯ ವೈಭವವನ್ನು ಏನು ಹೇಳಲಿ! ಪೊರಕೆ ಕಡ್ಡಿಗೆ ಹಸಿರು ಉಲ್ಲನ್ ಕಟ್ಟಿದ ಅಡಿಕೆ ಮರಗಳು. ಒಡೆದ ಕನ್ನಡಿಯ ಚೂರಿನ ಸೂಳೆಕೆರೆ. ಹಳಿಯ ಕೆಳಗಿನ ಜಲ್ಲಿಗೆ ಶಾಂತಾದೇವಿಯ ಡಬ್ಬಿಯ ಅಷ್ಟೂ ಸಾಸಿವೆ. ಒಂದು ತಿಂಗಳು ಆ ಮನೆಯ ಒಗ್ಗರಣೆ ನಡೆದದ್ದು ಬರೀ ಕರಿಬೇವಿನ ಮೇಲೆ. ಆ ಕರಿಬೇವೂ ಪಕ್ಕದ ಮನೆಯ ಬಂಗಾರಮ್ಮನ ಹಿತ್ತಲದ್ದು. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಒಂದು ಕಡ್ಡಿ ಕರಿಬೇವು, ಅದರ ಜೊತೆಗೆ ಬೀದಿಯ ಅಷ್ಟೂ ಸುದ್ದಿ ಈ ಮನೆಗೆ ಬರುತ್ತಿತ್ತು.

ಸ್ಟೇಷನ್ನನ್ನು ಷಣ್ಮುಖಪ್ಪ ತನ್ನದೇ ಬೀದಿಯಲ್ಲಿ, ತನ್ನದೇ ಮನೆಯ ಪಕ್ಕ ಕಟ್ಟಿದ್ದ. ಎಂಜಿನ್ನೂ ಎರಡು ಡಬ್ಬಿಯೂ ನಿಲ್ಲುವುದಕ್ಕೆ ಮೂವತ್ತು ಇಂಚಿನ ಪ್ಲಾಟ್‌ಫಾರಂ ಬೇಕು. ಜಾಗ ಸಾಲದೆ ಬಂಗಾರಮ್ಮನ ಮನೆಯನ್ನು ಹಲಗೆಯಿಂದ ಕೈಬಿಟ್ಟಿದ್ದ. ಆದರೆ ತನ್ನ ಮನೆಗೆ, ನಿಜದಲ್ಲಿ ಇಲ್ಲದ ಒಂದು ಮಹಡಿಯನ್ನು ರಟ್ಟಿನಲ್ಲಿ ಕಟ್ಟಿ, ಹಳದಿ ಬಣ್ಣ ಬಳಿದು, ಬಾಲ್ಕನಿ ಬೇರೆ ಇಟ್ಟಿದ್ದ.

ಇನ್ನು ಅರ್ಜಿಯ ವಿಷಯ. ಹಲಗೆ ಜೋಡಿಸಲು ಹತ್ತಿರದ ಸಿರಿಗಂಧ ಸಮುದಾಯ ಭವನ ಬೇಕಿತ್ತು.

"ಭಾವ, ಮಿನಿ ರೈಲು ಅಂತ ಬರೀರಿ, ಸಾಕು," ಅಂದ ಷಣ್ಮುಖಪ್ಪ.

"ಮಿನಿ ಯಾವ ಊರಿನ ಕನ್ನಡನೋ?" ಅಂದೆ.

"ಹಂಗಾರೆ ಮಾಡೆಲ್ ಅಂತ ಬರೀರಿ."

"ಅದಕ್ಕೆ ಮಾದರಿ ಅಂತ ಬಂಗಾರದಂಥ ಪದ ಐತೆ," ಎಂದು ಹೇಳಿ, ಮುದ್ದಾದ ಅಕ್ಷರದಲ್ಲಿ ಬರೆದೆ. 'ಚನ್ನಗಿರಿ ಮಾದರಿ ರೈಲು ನಿಲ್ದಾಣವು ಇದೇ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಉದ್ಘಾಟನೆಗೊಳ್ಳಲಿದ್ದು, ಜಗಳೂರಿನಿಂದ ಹೊರಡುವ ಪ್ರಥಮ ರೈಲು ಚನ್ನಗಿರಿ, ಹೊನ್ನಾಳಿ ಮಾರ್ಗವಾಗಿ ನ್ಯಾಮತಿ ತಲುಪಲಿದೆ. ತತ್ಸಂಬಂಧ ತಮ್ಮ ಸಭಾಂಗಣವನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ.' ಈಗ ಓದಿದರೂ ಇದರಲ್ಲಿ ಒಂದು ಕಾಗುಣಿತದ ತಪ್ಪಿಲ್ಲ.

ಷಣ್ಮುಖಪ್ಪ ಒಯ್ದುಕೊಟ್ಟ ಅರ್ಜಿಯನ್ನು ಭವನದ ಮ್ಯಾನೇಜರ್ ಮಾರುತೇಶ್ ಒಮ್ಮೆ ಓದಿದ. ಮತ್ತೊಮ್ಮೆ ಓದಿದ. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದ.

"ಸಾರ್, ಇದು ನಮ್ಮ ಚನ್ನಗಿರಿಗಾ?"

"ಮತ್ತೆ? ಚನ್ನಗಿರಿಗೇ."

"ಅದೂ ಮಾದರಿ ಸ್ಟೇಷನ್ನು! ಸಾದಾ ಅಲ್ಲ!"

"ಸಾದಾ ಯಾಕೆ ಮಾಡ್ತೀವ್ರೀ? ಎಲ್ಲಾ ಅಳತೆ ಪ್ರಕಾರ ಐತೆ."

"ಎಂಜಿನ್ ಬಂದೈತಾ ಸಾರ್?"

"ಬಂದು ಎಂಟು ದಿನ ಆತು. ನಮ್ಮನೆಯಾಗೇ ಐತೆ. ಮಂಚದ ಕೆಳಗೆ ಇಟ್ಟೀನಿ."

ದೊಡ್ಡವರು ಹೀಗೇ ತಮಾಷೆಯಾಗಿ ಮಾತಾಡುವುದು ಎಂದುಕೊಂಡು ಮಾರುತೇಶ್ ಹೊಟ್ಟೆ ಹಿಡಿದು ನಕ್ಕ. ಎದ್ದು ತನ್ನ ಕುರ್ಚಿಯನ್ನೇ ಕೊಟ್ಟ. ಕಪ್ಪು ಸಾಸರಿನಲ್ಲಿ ಟೀ ತರಿಸಿದ. "ರೈಲಿಗೆ ದಾವಣಗೆರೆಗೆ ಓಡೋ ತಾಪತ್ರಯ ತಪ್ಪಿಸಿದ್ರಿ ಸಾರ್. ಇಡೀ ತಾಲ್ಲೂಕೇ ನಿಮಗೆ ಕೈ ಮುಗೀಬೇಕು," ಅಂದ.

ಆಗ ಷಣ್ಮುಖಪ್ಪನಿಗೆ ವಿಷಯ ಹೊಳೆಯಿತು. ಹೊಳೆಯಲಿಲ್ಲ ಎಂದು ಆಮೇಲೆ ಅವನು ಎಷ್ಟೇ ಆಣೆ ಮಾಡಿದರೂ ನಾನು ನಂಬುವುದಿಲ್ಲ. ಆದರೆ ಕೈಯಲ್ಲಿ ಸಾಸರಿತ್ತು. ಬಸ್ಸು ತಡವಾದಾಗಲೆಲ್ಲ ಬೈಸಿಕೊಂಡೇ ಹತ್ತೊಂಬತ್ತು ವರ್ಷ ಸವೆಸಿದವನಿಗೆ ಇದುವರೆಗೆ ಸಾಸರಿನಲ್ಲಿ ಟೀ ಕೊಟ್ಟವರು ಯಾರು? ಭಾನುವಾರ ಹೇಗೂ ಎಲ್ಲರಿಗೂ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡು, ಟೀ ಕುಡಿದು, ಮೀಸೆ ಒರೆಸಿಕೊಂಡು ಬಂದ.

ಸಂಜೆಯ ಹೊತ್ತಿಗೆ ಭವನದ ಮುಂದಿನ ಕರಿಹಲಗೆಯ ಮೇಲೆ ಸುದ್ದಿ ಬಿತ್ತು. ಮಾರನೆಯ ದಿನ ಬಸ್‌ಸ್ಟ್ಯಾಂಡಿನ ಗೂಡಿನ ಮುಂದೆ ಜನ.

"ಕಂಟ್ರೋಲ್ರೇ, ರೈಲು ಬಂದ್ರೆ ನಮ್ಮ ಉಬ್ರಾಣಿ ರೂಟು ಕ್ಯಾನ್ಸಲ್ಲಾ?" ಎಂದು ಒಬ್ಬ ಡ್ರೈವರ್ ಮುಖ ಸಣ್ಣದು ಮಾಡಿಕೊಂಡು ಕೇಳಿದ.

"ಭಾನುವಾರ ತಿಳೀತೈತೆ," ಅಂದ ಷಣ್ಮುಖಪ್ಪ ಗಂಭೀರವಾಗಿ.

ಉಬ್ರಾಣಿಯ ಅಜ್ಜಿಯೊಬ್ಬಳು ಕಿಂಡಿಯೊಳಗೆ ಕೈ ತೂರಿಸಿದಳು. "ತಿರುಪ್ತಿಗೆ ಒಂದು ಟಿಕೇಟು ಕೊಡಪ್ಪ. ಕಿಟಕಿ ಪಕ್ಕದ್ದೇ ಕೊಡು, ನಂಗೆ ವಾಂತಿ ಆಗ್ತೈತೆ."

"ಭಾನುವಾರ ಬಾರಜ್ಜಿ," ಅಂದ ಇವನು. ಇಲ್ಲ ಎನ್ನುವ ಪದವೇ ಅವನಿಗೆ ಮರೆತುಹೋಗಿತ್ತು. ಮಂಗಳವಾರ ಮೈಕಿನಲ್ಲಿ, "ಬಸವಾಪಟ್ಟಣಕ್ಕೆ ಹೋಗುವ ಪ್ಯಾಸೆಂಜರ್ ಗಾಡಿ ಇನ್ನು ಕೆಲವೇ ನಿಮಿಷಗಳಲ್ಲಿ ಒಂದನೇ ಪ್ಲಾಟ್‌ಫಾರಂಗೆ ಆಗಮಿಸಲಿದೆ" ಎಂದು ರಾಗವಾಗಿ ಹೇಳಿಬಿಟ್ಟ. ಮೂರು ಜನ ಹೊರಗೋಡಿ ಹಳಿ ಹುಡುಕಿದರು.

ಅವತ್ತೇ ಸಂಜೆ ಹೋಟೆಲ್ ಅಂಜಿನಪ್ಪ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಷಣ್ಮುಖಪ್ಪನ ಮನೆಗೆ ಬಂದ. ನಡುಮನೆಯ ಮೇಜಿನ ಮೇಲಿದ್ದ ಹಲಗೆಯನ್ನು ಕಂಡು ಚಪ್ಪಲಿ ಬಿಟ್ಟು ಕೈ ಮುಗಿದ. ಹಲಗೆ ನೋಡಿದ ಮೇಲಾದರೂ ಇದು ಆಟದ್ದೆಂದು ತಿಳಿಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ತಿಳಿಯಲಿಲ್ಲ. ದೊಡ್ಡ ದೊಡ್ಡ ಕಟ್ಟಡ ಕಟ್ಟುವ ಮೊದಲು ಹೀಗೇ ಪುಟ್ಟದೊಂದು ಮಾಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಂತ್ರಿಗಳಿಗೆ ತೋರಿಸುವುದನ್ನು ಅಂಜಿನಪ್ಪ ಟಿ.ವಿ.ಯಲ್ಲಿ ನೋಡಿದ್ದ. ಇದ್ದಬದ್ದ ಅನುಮಾನವೂ ಅಲ್ಲಿಗೆ ಹೋಯಿತು.

"ಕಂಟ್ರೋಲ್ರೇ, ನನ್ನ ಹೋಟ್ಲು ಸ್ಟೇಷನ್ನಿಂದ ಐದಿಂಚು ದೂರ ಆತಲ್ಲ! ರೈಲು ಇಳಿದೋರು ಅಲ್ಲೀಗಂಟ ಹಸ್ಕೊಂಡು ಬರ್ತಾರಾ? ಒಂದಿಂಚು ಈಕಡೆ ಸರಿಸ್ರಿ."

"ಒಂದಿಂಚು ಅಂದ್ರೆ ಏಳಡಿ ಮೂರಿಂಚು, ಅಂಜಿನಪ್ಪ."

"ಹಂಗಾರೆ ಎರಡಿಂಚು ಸರಿಸ್ರಿ!"

ಮಿರ್ಚಿ ಬಿಸಿಯಾಗಿತ್ತು. ಷಣ್ಮುಖಪ್ಪ ಬ್ಲೇಡು ತಂದು, ಅಂಟು ಬಿಡಿಸಿ, ಹೋಟೆಲನ್ನು ಎರಡಿಂಚು ಮುಂದಕ್ಕೆ ತಂದು ಕೂರಿಸಿದ. ಹದಿನಾಲ್ಕೂವರೆ ಅಡಿ ನಡೆದು ಬಂದ ತನ್ನ ಹೋಟೆಲನ್ನು ಅಂಜಿನಪ್ಪ ಕಣ್ತುಂಬ ನೋಡಿಕೊಂಡು ಹೋದ.

ಇದು ಗೊತ್ತಾಗಿದ್ದೇ ತಡ, ಬೀದಿಗೆ ಬೀದಿಯೇ ಬಂತು. ಒಬ್ಬನಿಗೆ ತನ್ನ ಮನೆ ಮುಂದಿನ ಚರಂಡಿ ಎದುರು ಮನೆಯ ಕಡೆ ಹೋಗಬೇಕು. ಎದುರು ಮನೆಯವನಿಗೆ ಅದು ಅಲ್ಲೇ ಇರಬೇಕು. ಗೋಡೆಯ ಜಗಳಕ್ಕೆ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು ಬಂದು, ಅಡಿಪಟ್ಟಿ ಇಟ್ಟು ಅಳೆಸಿ, ಅರ್ಧ ಅರ್ಧ ಇಂಚಿಗೆ ಒಪ್ಪಿ, ಒಟ್ಟಿಗೆ ಟೀ ಕುಡಿದು ಹೋದರು. ಷಣ್ಮುಖಪ್ಪ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡತೊಡಗಿದ. ನನಗೂ ಸ್ವಲ್ಪ ಬೆಲೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ? "ಅರ್ಜಿ ಬರೆದೋರು ಇವರೇ" ಎಂದು ಬೀದಿಯಲ್ಲಿ ತೋರಿಸುತ್ತಿದ್ದರು.

ಗುರುವಾರ ಬೆಳಿಗ್ಗೆ ಬಂಗಾರಮ್ಮ ಬಂದಳು. ನಾನೂ ಅಲ್ಲೇ ಇದ್ದೆ. ಸೆರಗಿನಲ್ಲಿ ಕರಿಬೇವು, ಮುಖದ ತುಂಬ ನಗು.

"ಎಲ್ಲೋ ನಿನ್ನ ಸ್ಟೇಷನ್ನು? ನೋಡೋಣ ಅಂತ ಬಂದೆ. ಇದೇನು ನಿಮ್ಮನೆನಾ? ಮಹಡಿ ಬೇರೆ ಬಂತಾ? ಆಗ್ಲಿ, ಚಲೋ ಆತು. ಇದು ಅಂಜಿನಪ್ಪನ ಹೋಟ್ಲು. ಇದು ಬೇವಿನ ಮರ..." ಅವಳ ಬೆರಳು ಬೀದಿಯುದ್ದಕ್ಕೂ ಹೋಗಿ, ವಾಪಸ್ಸು ಬಂದು, ಪ್ಲಾಟ್‌ಫಾರಂ ಮೇಲೆ ನಿಂತಿತು. "ನಮ್ಮನೆ ಎಲ್ಲೋ?"

ಷಣ್ಮುಖಪ್ಪನ ಕಿವಿಯಿಂದ ಪೆನ್ಸಿಲ್ ಬಿತ್ತು.

"ಅಲ್ಲ ಬಂಗಾರಕ್ಕ, ಅದು... ಪ್ಲಾಟ್‌ಫಾರಂಗೆ ಮೂವತ್ತಿಂಚು ಬೇಕಿತ್ತು. ಜಾಗ ಸಾಲಲಿಲ್ಲ. ಅದಕ್ಕೇ ನಿಮ್ಮನೆ ತೆಗೆದೆ."

ಸತ್ಯವನ್ನು ಇಷ್ಟು ಕೆಟ್ಟದಾಗಿ ಹೇಳಿದವನನ್ನು ನಾನು ಬೇರೆ ಕಂಡಿಲ್ಲ.

"ತೆಗೆದ್ಯಾ?" ಅಂದಳು ಬಂಗಾರಮ್ಮ. "ನಿಮ್ಮನೆಗೆ ಮಹಡಿ ಹಾಕ್ಕೊಂಡು, ನಮ್ಮನೆ ತೆಗೆದ್ಯಾ? ಆ ಮನೆಯಾಗೆ ನಂಗೆ ಮೂರು ಹೆರಿಗೆ ಆದ್ವು. ಮೊಮ್ಮಗಳಿಗೆ ನಾಮಕರಣ ಆತು. ನಿನ್ನ ಹೆಂಡ್ತಿ ಮದುವೆಯಾಗಿ ಬಂದಾಗ ನಿಮ್ಮನೆ ಬಾಗಿಲಿಗೆ ತೋರಣ ಕಟ್ಟಿದೋಳು ನಾನು ಕಣಪ್ಪ. ನಂಗೊಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

"ಅಯ್ಯೋ, ಇದು ಖರೆ ರೈಲಲ್ಲ ಅಕ್ಕ! ಆಟದ್ದು! ಸುಮ್ಮನೆ ಹಲಗೆ ಮೇಲೆ ಓಡೋದು!"

"ಮನೆ ಕಳಕೊಳ್ಳೋರಿಗೆಲ್ಲ ಮೊದಲು ಹಿಂಗೇ ಹೇಳೋದು," ಎಂದು ಅವಳು ಎದ್ದಳು. ಕಣ್ಣು ಒದ್ದೆಯಾಗಿತ್ತು. ಕರಿಬೇವನ್ನು ವಾಪಸ್ಸು ತೆಗೆದುಕೊಂಡೇ ಹೋದಳು. ನನ್ನ ಪದದ ಬಗ್ಗೆ ನನಗೆ ಮೊದಲ ಸಲ ಅನುಮಾನ ಬಂದದ್ದು ಆಗಲೇ.

ಷಣ್ಮುಖಪ್ಪ ಈಗ ನಿಜಕ್ಕೂ ಹೆದರಿದ. ಬಸ್‌ಸ್ಟ್ಯಾಂಡಿಗೆ ಹೋಗಿ ಮೈಕಿನಲ್ಲೇ ಹೇಳಿದ. "ಪ್ರಯಾಣಿಕರ ಗಮನಕ್ಕೆ. ಚನ್ನಗಿರಿಗೆ ಯಾವುದೇ ರೈಲು ಬರುತ್ತಿಲ್ಲ. ಇದು ಕೇವಲ ಮಾದರಿ."

ಇದನ್ನು ಕೇಳಿದ ಮೇಲೆ, ಅದುವರೆಗೂ ನಂಬದೆ ಇದ್ದವರೂ ನಂಬಿದರು. "ನೋಡಿದ್ಯಾ? ಮೇಲಿನೋರು ಬಾಯಿ ಮುಚ್ಚಿಸವ್ರೆ," ಅಂದ ಅಂಜಿನಪ್ಪ. "ರೋಡು ಅಗಲ ಮಾಡೋ ಮುಂಚೇನೂ ಹಿಂಗೇ. ಬರೀ ಅಳತೆ ಮಾಡಾಕೆ ಬಂದೀವಿ ಅಂತಾರೆ, ಮರುದಿನ ಜೆ.ಸಿ.ಬಿ. ಬರ್ತೈತೆ." ಅವನು ಅವತ್ತೇ ಬ್ಯಾಂಡಿನವರಿಗೆ ಹೇಳಿ ಬಂದ.

ಶುಕ್ರವಾರ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕರಿಬೇವು ಬರಲಿಲ್ಲ. ಬಂಗಾರಮ್ಮನ ಮಗ ಬಾಗಿಲಿಗೆ ಎರಡು ಚಿಲಕ ಹೊಸದಾಗಿ ಬಡಿಸಿದ. ತ್ಯಾವಣಿಗೆಯಿಂದ ಅವರ ನೆಂಟರು ಟೆಂಪೋದಲ್ಲಿ ಬಂದು, ಜೆ.ಸಿ.ಬಿ. ಬಂದರೆ ಅಡ್ಡ ಮಲಗಲು ಚಾಪೆ ಸಮೇತ ತಯಾರಾಗಿ ಜಗಲಿಯ ಮೇಲೆ ಕೂತರು. ಇತ್ತ ಶಾಂತಾದೇವಿ ಸಾರು ಬಡಿಸಿದಳು. ಅದರಲ್ಲಿ ಸಾಸಿವೆಯೂ ಇಲ್ಲ, ಕರಿಬೇವೂ ಇಲ್ಲ.

"ನಿಮ್ಮ ರೈಲಿಗೆ ಸಾಸಿವೆ ಕೊಟ್ಟೆ. ಬಂಗಾರಕ್ಕನ್ನ ಕೊಡಾಕೆ ಆಗಲ್ಲ," ಅಂದಳು. "ಆ ಅಕ್ಕ ಮನಸ್ಸು ತಿಳಿ ಮಾಡ್ಕೊಂಡು ನಂಜೊತೆ ಮಾತಾಡಬೇಕು. ಇಲ್ಲಾಂದ್ರೆ ಭಾನುವಾರ ನಿಮ್ಮ ರೈಲು ನ್ಯಾಮತಿಗೆ ಹೋಗಲ್ಲ, ನೀರು ಕಾಯಿಸೋ ಒಲೆಗೆ ಹೋಗ್ತೈತೆ. ಅಣ್ಣ, ನೀನೂ ಕೇಳಿಸ್ಕೊ. ಅರ್ಜಿ ನೀನೇ ಬರೆದದ್ದು."

ನಾನು ತಲೆ ತಗ್ಗಿಸಿ ಊಟ ಮಾಡಿದೆ.

ಶನಿವಾರ ಮಧ್ಯಾಹ್ನ ಉಳಿದ ಮೂವರು ಹಲಗೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲೇ ಬಂದಿಳಿದರು. ಸಣ್ಣಪ್ಪ ಕೊಂಡುಕುರಿಯನ್ನು ಬೇರೆ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ ತಂದಿದ್ದರು. ಷಣ್ಮುಖಪ್ಪ ಎಲ್ಲವನ್ನೂ ಹೇಳಿಕೊಂಡ.

"ಪ್ಲಾಟ್‌ಫಾರಂ ಕೊಯ್ದು ಬಂಗಾರಕ್ಕನ ಮನೆ ಕೂರಿಸ್ತೀನಿ. ಐದಿಂಚು ಸಾಕು."

ಗುಂಪಿಗೆ ನಿಯಮಗಳನ್ನು ಬರೆದುಕೊಟ್ಟವನು ಹೊನ್ನಾಳಿಯ ಮುತ್ತುರಾಜ್. ಅವನಿಗೆ ಮೈ ಉರಿಯಿತು. "ನಮ್ಮ ರೈಲು ಇಪ್ಪತ್ತೆಂಟಿಂಚು, ನಿಮ್ಮ ಪ್ಲಾಟ್‌ಫಾರಂ ಇಪ್ಪತ್ತೈದಿಂಚು! ಹಿಂದಿನ ಬಾಗಿಲು ಹೊರಗೆ ಉಳೀತೈತೆ. ಡಬ್ಬಿ ಹೊರಗೆ ನಿಂತ್ರೆ ಅದನ್ನ ಸ್ಟೇಷನ್ ಅಂತಾರೇನ್ರೀ? ನಾನು ಒಂದೊಂದು ಸೈಕಲ್ ಕಡ್ಡಿ ಅಳೆದು ಹಾಕೀನಿ!"

"ಸಾರ್, ಪಕ್ಕದ ಮನೆಯೋರೇ ಇಲ್ಲದ ಊರಿಗೆ ರೈಲು ಯಾಕೆ ಬಿಡಬೇಕು?" ಅಂದಳು ಕಾವ್ಯಶ್ರೀ ಮೆಲ್ಲಗೆ. ಮುತ್ತುರಾಜ್ ಗೊಣಗಿಕೊಂಡೇ ಒಪ್ಪಿದ.

ಷಣ್ಮುಖಪ್ಪ ಗರಗಸ ಎತ್ತಿಕೊಂಡ. ಎಂಟು ತಿಂಗಳು ಉಜ್ಜಿ ನುಣುಪು ಮಾಡಿದ್ದ ಪ್ಲಾಟ್‌ಫಾರಂನ ತುದಿಯನ್ನು ಕೊಯ್ಯುವಾಗ ಅವನ ಮುಖ ನೋಡಲಾಗಲಿಲ್ಲ. ಮನೆ ಕಟ್ಟಲು ರಟ್ಟು ಬೇಕಾಯಿತು. ಹುಡುಕಿದರೆ ಒಳ್ಳೆಯ ರಟ್ಟೆಲ್ಲ ಮುಗಿದಿತ್ತು. ಆಮೇಲೆ ತನ್ನ ಮನೆಯ ಮೇಲಿದ್ದ ಹಳದಿ ಮಹಡಿಯನ್ನು ಬಾಲ್ಕನಿ ಸಮೇತ ಕಿತ್ತು, ಬಿಡಿಸಿ, ಮಡಿಚಿ, ಬಂಗಾರಮ್ಮನ ಮನೆ ಕಟ್ಟಿದ. ಕರಿಬೇವಿನ ಗಿಡ ಒಂದು ಬಾಕಿ ಇತ್ತು. ಹೊತ್ತು ಮುಳುಗುವ ಮೊದಲು ಕಾಂಪೌಂಡಿನ ಹತ್ತಿರ ಹೋಗಿ, ತ್ಯಾವಣಿಗೆಯ ನೆಂಟರ ಕಣ್ಣು ತಪ್ಪಿಸಿ, ನಾಲ್ಕು ಎಲೆ ಕಿತ್ತುಕೊಂಡು ಬಂದ. ನಾನು ಕಾವಲು ನಿಂತಿದ್ದೆ. ಮೂವತ್ತೊಂದು ವರ್ಷ ನೀತಿಪಾಠ ಹೇಳಿದವನು ಅದನ್ನೂ ಮಾಡಿದೆ.

ಕೊನೆಗೆ, ಹೊರಗೆ ಉಳಿಯುವ ಆ ಮೂರು ಇಂಚಿನ ಜಾಗವನ್ನು ನೋಡುತ್ತ ನೋಡುತ್ತ ಷಣ್ಮುಖಪ್ಪ ಇದ್ದಕ್ಕಿದ್ದಂತೆ ನಕ್ಕ. ಒಂದು ಸಣ್ಣ ರಟ್ಟಿನ ಚೂರು ತೆಗೆದುಕೊಂಡು ಏನೋ ಬರೆದು, ಬೆಂಕಿಕಡ್ಡಿಗೆ ಅಂಟಿಸಿ, ಬಂಗಾರಮ್ಮನ ಬಾಗಿಲ ಮುಂದೆ ನೆಟ್ಟ. ಏನೆಂದು ನಮಗೆ ತೋರಿಸಲಿಲ್ಲ.

ಭಾನುವಾರ ಹತ್ತೂವರೆಗೆ ಸಿರಿಗಂಧ ಭವನದಲ್ಲಿ ಕಾಲಿಡಲು ಜಾಗವಿಲ್ಲ. ಬಾಗಿಲಲ್ಲಿ ಅಂಜಿನಪ್ಪನ ಬ್ಯಾಂಡು. ಎಂಜಿನ್ ಡ್ರೈವರನಿಗೆಂದು ಒಂದು ಮಾರು ಹೂವಿನ ಹಾರ. ಉಬ್ರಾಣಿಯ ಅಜ್ಜಿ ಬುತ್ತಿ ಗಂಟು ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಬಂಗಾರಮ್ಮ ಚಾಪೆ ಹಿಡಿದ ನೆಂಟರ ಜೊತೆ ಬಂದು, ಸೆರಗು ಬಿಗಿದು ನಿಂತಳು.

ಮಾರುತೇಶ್ ನಡುವಿನ ಪರದೆ ಎಳೆದ. ನಾಲ್ಕು ಮೇಜು, ಅದರ ಮೇಲೆ ಹದಿನಾರು ಅಡಿ ಉದ್ದಕ್ಕೆ ನಾಲ್ಕು ಊರು. ಜಗಳೂರಿನ ತುದಿಯಲ್ಲಿ ಅಂಗೈಯಲ್ಲಿ ಹಿಡಿಯುವಂಥ ಎಂಜಿನ್ನು. ಬ್ಯಾಂಡು ನಿಂತಿತು.

"ಹಲಗೆ ಅವತ್ತೇ ನೋಡಿದ್ನಲ್ಲ. ಖರೆ ರೈಲು ಎಲ್ಲಿ? ಇದೇನು?" ಅಂದ ಅಂಜಿನಪ್ಪ.

"ಮಾದರಿ ರೈಲು," ಅಂದ ಷಣ್ಮುಖಪ್ಪ. "ನಾನು ಹೇಳಿದ್ದೆ."

"ಮಾದರಿ ಅಂದ್ರೆ ಇದಾ?" ಮಾರುತೇಶ್ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ನನ್ನ ಮಗಳು ಓದೋದು ಮಾದರಿ ಶಾಲೆಯಾಗೆ. ಅದೇನು ಗೊಂಬೆ ಶಾಲೆನಾ? ಮಾದರಿ ಗ್ರಾಮ ಅಂತ ಬೋರ್ಡು ಹಾಕ್ತಾರೆ. ಆ ಊರೇನು ರಟ್ಟಿನ ಊರಾ?"

ಇಡೀ ಸಭೆ ನನ್ನನ್ನು ನೋಡಿತು. ನಾನು ಎದ್ದು ನಿಂತು, "ಈ ಪದಕ್ಕೆ ಎರಡು ಅರ್ಥಗಳುಂಟು. ಒಂದು, ಅನುಕರಣೀಯವಾದದ್ದು. ಎರಡು, ಪ್ರತಿರೂಪ..." ಎಂದು ಆರಂಭಿಸಿದೆ. ಹಿಂದಿನಿಂದ ಒಂದು ಬಾಳೆಹಣ್ಣಿನ ಸಿಪ್ಪೆ ಬಂತು. ನಾನು ಕೂತೆ.

"ನನ್ನ ಮಿರ್ಚಿ ವಾಪಸ್ ಕೊಡ್ರಿ!" ಎಂದು ಅಂಜಿನಪ್ಪ ಕೂಗಿದ. ಗೋಡೆಯ ಅಣ್ಣತಮ್ಮಂದಿರು ಮತ್ತೆ ಮಾತು ಬಿಡುವ ಸಿದ್ಧತೆಯಲ್ಲಿದ್ದರು. ಜನ ಮೇಜಿನ ಕಡೆ ನುಗ್ಗಿದರು. ಸಣ್ಣಪ್ಪ ಎರಡೂ ಕೈಯಿಂದ ಕೊಂಡುಕುರಿಯನ್ನು ಮುಚ್ಚಿ ಹಿಡಿದರು.

ಆಗ ಉಬ್ರಾಣಿಯ ಅಜ್ಜಿ ಕನ್ನಡಕ ಏರಿಸಿ, ಬಗ್ಗಿ, ರೈಲನ್ನು ಬಹಳ ಹೊತ್ತು ನೋಡಿದಳು. "ಅಲ್ಲಪ್ಪ, ಇದ್ರಾಗೆ ಕಿಟಕಿ ಪಕ್ಕ ಹೆಂಗೆ ಕೂರಾದು?" ಅಂದಳು.

ಯಾರೋ ಒಬ್ಬರು ಕಿಸಕ್ಕೆಂದರು. ಆ ನಗು ಅವರಿಂದ ಇವರಿಗೆ, ಇವರಿಂದ ಬ್ಯಾಂಡಿನವರಿಗೆ ಹತ್ತಿತು. ನುಗ್ಗಿ ಬಂದವರು ಅಲ್ಲೇ ನಿಂತು, ಹೇಗೂ ಬಂದದ್ದಾಯಿತು ಎಂದು ತಮ್ಮ ತಮ್ಮ ಮನೆ ಹುಡುಕತೊಡಗಿದರು. ನಗದೆ ಉಳಿದವಳು ಬಂಗಾರಮ್ಮ ಒಬ್ಬಳೇ. ಅವಳು ನೇರವಾಗಿ ಚನ್ನಗಿರಿಯ ಹಲಗೆಯ ಹತ್ತಿರ ಬಂದಳು. ಶಾಂತಾದೇವಿ ನನ್ನ ತೋಳು ಹಿಡಿದುಕೊಂಡಳು.

ಪ್ಲಾಟ್‌ಫಾರಂ ಮುಗಿಯುವಲ್ಲಿ ಒಂದು ಹಳದಿ ಮನೆ. ಎರಡು ಚಿಲಕದ ಬಾಗಿಲು. ಜಗಲಿ. ಹಿತ್ತಲಲ್ಲಿ ನಾಲ್ಕು ಎಲೆಯ ಗಿಡ. ಅವಳು ಗಿಡವನ್ನು ಮೂಸಿ ನೋಡಿದಳು.

"ಇದು ನಮ್ಮ ಗಿಡದ ಸೊಪ್ಪು! ಕದ್ದೆಯಾ?"

"ಹೂಂ ಅಕ್ಕ."

"ನಿಮ್ಮನೆ ಮಹಡಿ ಎಲ್ಲಿ ಹೋತು?"

ಷಣ್ಮುಖಪ್ಪ ಹಳದಿ ಗೋಡೆಯ ಕಡೆ ಕೈ ತೋರಿಸಿದ. ಬಂಗಾರಮ್ಮ ಆ ಮನೆಯನ್ನು, ಅದರ ಪಕ್ಕದ ಬೋಳು ತಾರಸಿಯನ್ನು ಒಂದಾದ ಮೇಲೊಂದು ನೋಡಿದಳು.

"ತಪ್ಪಾತು ಅಕ್ಕ," ಅಂದ ಅವನು. "ಸಾಸರಿನ ಟೀಗೆ ಆಸೆ ಬಿದ್ದೆ."

"ಆ ಬೋರ್ಡ್‌ನಾಗೆ ಏನು ಬರ್ದೀಯ?"

ಬೆಂಕಿಕಡ್ಡಿಯ ಮೇಲಿನ ಬೋರ್ಡನ್ನು ನಾನೇ ಬಗ್ಗಿ ಗಟ್ಟಿಯಾಗಿ ಓದಿದೆ. "ಬಂಗಾರಮ್ಮನ ಮನೆ. ಕೋರಿಕೆ ನಿಲುಗಡೆ." ಬಸ್ಸಿನವರ ಪದ ಅದು. ಕೈ ಮಾಡಿದರೆ ಮಾತ್ರ ನಿಲ್ಲುವ ಜಾಗಗಳಲ್ಲಿ ನೆಡುತ್ತಾರೆ. ರೈಲಿನ ಹೊರಗುಳಿದ ಮೂರು ಇಂಚಿಗೆ ಷಣ್ಮುಖಪ್ಪನ ಬಸ್ಸಿನ ಬುದ್ಧಿಯೇ ಪರಿಹಾರ ಕೊಟ್ಟಿತ್ತು. ನಿಯಮದ ಮುತ್ತುರಾಜ್ ಕೂಡ ತಲೆಯಾಡಿಸಿದ.

ಕಾವ್ಯಶ್ರೀ ಗುಂಡಿ ತಿರುಗಿಸಿದಳು. ಜಗಳೂರಿನಿಂದ ರೈಲು ಹೊರಟಿತು. ಕೊಂಡುಕುರಿಯನ್ನು ದಾಟಿತು, ಅಡಿಕೆ ಮರಗಳ ನಡುವೆ ನುಗ್ಗಿತು. ಷಣ್ಮುಖಪ್ಪ ತನಗರಿವಿಲ್ಲದೆ ಬಾಯಿಗೆ ಕೈ ಅಡ್ಡ ಹಿಡಿದು, "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿಬಿಟ್ಟ. ಇಡೀ ಭವನ ಉಸಿರು ಬಿಗಿಹಿಡಿದು ಕೇಳಿತು. ರೈಲು ಸ್ಟೇಷನ್ನಿಗೆ ಬಂತು.

"ಕೈ ಮಾಡ್ರಿ ಅಕ್ಕ," ಅಂದ.

ಬಂಗಾರಮ್ಮ ಅತ್ತಿತ್ತ ನೋಡಿ, ಸಂಕೋಚದಿಂದ ಸೆರಗೊಳಗಿಂದ ಒಂದು ಕೈ ಎತ್ತಿದಳು. ರೈಲು ನಿಂತಿತು. ಹಿಂದಿನ ಡಬ್ಬಿಯ ಬಾಗಿಲು ಸರಿಯಾಗಿ ಅವಳ ಮನೆಯ ಮುಂದೆ.

ಭವನದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅಂಜಿನಪ್ಪನ ಬ್ಯಾಂಡು ತಾನಾಗಿಯೇ ಬಾರಿಸಿತು. ಒಂದು ಮಾರಿನ ಹಾರವನ್ನು ಎಂಜಿನ್ನಿಗೆ ಹಾಕಲಾಗದೆ ಷಣ್ಮುಖಪ್ಪನಿಗೆ ಹಾಕಿದರು. ಬಂಗಾರಮ್ಮ ಮಾತ್ರ ಎತ್ತಿದ ಕೈ ಇಳಿಸದೆ ರೈಲನ್ನೇ ನೋಡುತ್ತಿದ್ದಳು. ಆಮೇಲೆ ಇವನ ಕಡೆ ತಿರುಗಿದಳು.

"ಇಪ್ಪತ್ತೆರಡು ವರ್ಷದಿಂದ ನಮ್ಮ ಬೀದಿ ತುದೀಲಿ ನಿಂತ್ಕೊಂಡು ಬಸ್ಸಿಗೆ ಕೈ ಮಾಡ್ತಿದೀನಿ. ಒಂದಿನಾನೂ ನಿಂತಿಲ್ಲ. ನಿನ್ನ ಆಟದ ರೈಲು ಒಂದೇ ಸಲಕ್ಕೆ ನಿಂತಿತಲ್ಲಪ್ಪ ಕಂಟ್ರೋಲ್ರೇ!"

ಬಂಗಾರಮ್ಮ ಈಗ ನಕ್ಕಳು. ಶಾಂತಾದೇವಿ ಹೋಗಿ ಅವಳ ಪಕ್ಕ ನಿಂತಳು. ರೈಲು ಸೈಕಲ್ ಕಡ್ಡಿಯ ಸೇತುವೆ ದಾಟಿ, ಹಸಿರು ಸಿಗ್ನಲ್ ನೋಡಿಕೊಂಡು ನ್ಯಾಮತಿ ಸೇರಿತು. ಉಬ್ರಾಣಿಯ ಅಜ್ಜಿ ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚಿದಳು.

ಸೋಮವಾರ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕರಿಬೇವು ಬಂತು. ಅದರ ಹಿಂದೆಯೇ ಒಂದು ಬಿಳಿ ಕಾಗದವೂ ಬಂತು.

"ಮೇಷ್ಟ್ರೇ, ನಮ್ಮ ಬೀದಿ ತುದೀಲಿ ಬಸ್ಸು ನಿಲ್ಲಿಸ್ಬೇಕು ಅಂತ ಒಂದು ಅರ್ಜಿ ಬರ್ದುಕೊಡ್ರಿ," ಅಂದಳು ಬಂಗಾರಮ್ಮ. "ಷಣ್ಮುಖಪ್ಪ ಮೇಲಿನೋರಿಗೆ ಕಳಿಸ್ತಾನಂತೆ. ಆದ್ರೆ ನೋಡ್ರಿ, ಬಂಗಾರದಂಥ ಪದ ಗಿದ ಏನೂ ಹಾಕಾಕೆ ಹೋಗಬ್ಯಾಡ್ರಿ."

ನಾನು ಕನ್ನಡಕ ಹಾಕಿಕೊಂಡು, ಬಹಳ ಯೋಚಿಸಿ, 'ನಿಜವಾದ ಬಸ್ಸು' ಎಂದು ಬರೆದೆ. 'ನಿಜವಾದ' ಎಂಬುದರ ಕೆಳಗೆ ಎರಡು ಗೆರೆಯನ್ನೂ ಎಳೆದೆ.